ಕೊಟೇಶನ್ನಿನ ಕೊನೆಯ ಸಾಲಿನಿಂದ ಶುರುಮಾಡಿ: ನಂಬಿ ಕೂರಬಹುದಾದ ಕಂಪ್ಯೂಟರ್ ಜೋಡಿಸುವ ಬಗೆ

ಮಂಡ್ಯದ ವಿ.ವಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಕ್ರಾಸ್‌ನಲ್ಲಿ ನನ್ನ ಗೆಳೆಯನ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಸಂಘದ ಲೆಟರ್‌ಹೆಡ್ಡು, ಜೊತೆಗೆ ನಾಲ್ಕಾರು ವ್ಯಾಪಾರಿಗಳ ಲೆಕ್ಕಪತ್ರ. ವಿಂಡೋಸ್ 10ರ ಬೆಂಬಲದ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಅವನ ಹಳೆಯ ಸಿಸ್ಟಮ್ ಬದಲಿಸಲೇಬೇಕಾಯಿತು. ಅದರ ಪ್ರೊಸೆಸರ್ ವಿಂಡೋಸ್ 11 ಕೇಳುವ ತಲೆಮಾರಿನದಲ್ಲ. ಹೊಸದಕ್ಕೆ ಕೊಟೇಶನ್ ಬರೆಸಿಕೊಂಡು ಬಂದು ನನ್ನ ಮುಂದಿಟ್ಟ.

ಮೊದಲ ಸಾಲಿನಲ್ಲಿ ಪ್ರೊಸೆಸರ್, ಅದರ ತಲೆಮಾರು ಸಮೇತ. ಆಮೇಲೆ ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಕೊನೆಯ ಸಾಲು: 'ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್'. ಕಂಪನಿಯ ಹೆಸರಿಲ್ಲ, ಎಷ್ಟು ವ್ಯಾಟ್ ಎಂದಿಲ್ಲ, ವಾರಂಟಿಯ ಮಾತೂ ಇಲ್ಲ. ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ಡಬ್ಬಿ, ಪವರ್ ಸಪ್ಲೈ. ಅವನ ಹಳೆಯ ಸಿಸ್ಟಮ್‌ನ ದೂರೇನು ಎಂದು ಕೇಳಿದೆ. "ಕರೆಂಟ್ ಹೋಗಿರಲ್ಲ ಕಣಪ್ಪ. ಲೈಟು ಒಂಚೂರು ಮಿಣಕ್ ಅಂತದೆ, ಅಷ್ಟೇ, ಸಿಸ್ಟಮ್ ರೀಸ್ಟಾರ್ಟ್ ಆಯ್ತದೆ. ಯುಪಿಎಸ್ ಬೇರೆ ಇದೆ!" ಎಂದ.

ಅವನ ದೂರಿಗೆ ಉತ್ತರ ಇದ್ದದ್ದು ಆ ಕೊನೆಯ ಸಾಲಿನಲ್ಲಿ. ಹೊಸ ಸಿಸ್ಟಮ್‌ಗೂ ಅದೇ ಸಾಲು ಬರೆದಿದ್ದರು.

ಆಟ ಆಡುವವರಿಗೆ, ವಿಡಿಯೊ ಎಡಿಟ್ ಮಾಡುವವರಿಗೆ ವೇಗ ಮುಖ್ಯ, ಅದನ್ನು ನಾನು ಒಪ್ಪುತ್ತೇನೆ. ಆದರೆ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಒಂದೇ ಯಂತ್ರದ ಮುಂದೆ ಕೂತು ಹೊಟ್ಟೆಪಾಡು ನೋಡಿಕೊಳ್ಳುವವರಿಗೆ ಬೇಕಾದದ್ದು ಸ್ಥಿರತೆ. ಹ್ಯಾಂಗ್ ಆಗಬಾರದು, ತಾನಾಗಿ ರೀಸ್ಟಾರ್ಟ್ ಆಗಬಾರದು, ಉಳಿಸಿದ ಫೈಲು ಉಳಿಸಿದಂತೆಯೇ ಇರಬೇಕು. ಇದಕ್ಕೆ ಬಿಡಿಭಾಗ ಆರಿಸುವಾಗ ಕೊಟೇಶನ್ನನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬುದು ಇಷ್ಟು ವರ್ಷ ಸಿಸ್ಟಮ್ ಜೋಡಿಸಿ ನಾನು ಕಂಡುಕೊಂಡದ್ದು. ಕರೆಂಟು ಬರುವ ದಾರಿಯಲ್ಲೇ ಹೋಗಬೇಕು: ಗೋಡೆಯ ಪ್ಲಗ್ಗು, ಯುಪಿಎಸ್, ಎಸ್‌ಎಂಪಿಎಸ್, ಮದರ್‌ಬೋರ್ಡ್, ಆಮೇಲೆ ಮಿಕ್ಕಿದ್ದು.

ಕರೆಂಟಿನ ವಿಷಯಕ್ಕೆ ನಮ್ಮದು ಹಳೆಯ ಜಿಲ್ಲೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟದ್ದು ಇಲ್ಲಿಂದಲೇ, ಮಳವಳ್ಳಿ ತಾಲ್ಲೂಕಿನಿಂದ. ಆದರೂ ನಮ್ಮ ಮನೆ, ಅಂಗಡಿಗಳ ಗೋಡೆಯೊಳಗಿನ ವೈರಿಂಗ್ ನೋಡಿದರೆ ಬೇಸರವಾಗುತ್ತದೆ. ಗೆಳೆಯನ ಅಂಗಡಿಯದು ರೆಡ್ ಆಕ್ಸೈಡ್ ನೆಲ. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಹೋಗಿ ಕ್ಯಾಬಿನೆಟ್ಟಿನ ಹಿಂಬದಿಯ ತಗಡು ಮುಟ್ಟಿದರೆ ಬೆರಳ ತುದಿ ಜುಮ್ ಎನ್ನುತ್ತಿತ್ತು. ಟೆಸ್ಟರ್ ಇಟ್ಟರೆ ಒಳಗಿನ ಪುಟ್ಟ ದೀಪ ಮಂಕಾಗಿ ಹೊತ್ತಿಕೊಂಡಿತು. "ಅದು ಮೊದಲಿಂದಲೂ ಹಂಗೇ" ಎಂದ.

ಹಾಗೆ ಇರಕೂಡದು. ಎಸ್‌ಎಂಪಿಎಸ್‌ನ ಬಾಯಿಯಲ್ಲೇ ಫೇಸ್‌ನಿಂದ ತಗಡಿಗೆ ಒಂದು, ನ್ಯೂಟ್ರಲ್‌ನಿಂದ ತಗಡಿಗೆ ಒಂದು, ಹೀಗೆ ಎರಡು ಪುಟ್ಟ ಕೆಪಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಡುವ ಬಿಡಿಭಾಗ) ಇರುತ್ತವೆ. ಒಳಗೆ ಹುಟ್ಟುವ ವಿದ್ಯುತ್ ಗದ್ದಲವನ್ನು ಅರ್ತ್‌ಗೆ ಇಳಿಸುವುದು ಅವುಗಳ ಕೆಲಸ. ಅರ್ತ್ ವೈರೇ ಇಲ್ಲದಿದ್ದರೆ ತಗಡು ಈ ಎರಡರ ನಡುವೆ ತೂಗಾಡುತ್ತದೆ, 230 ವೋಲ್ಟ್‌ನ ಸರಿಸುಮಾರು ಅರ್ಧ ಅದರ ಮೇಲೆ ನಿಲ್ಲುತ್ತದೆ. ಹರಿಯುವ ಕರೆಂಟು ತೀರಾ ಅಲ್ಪವಾದ್ದರಿಂದ ಜುಮ್ ಎನ್ನುವುದಷ್ಟೇ ನಮಗೆ ಗೊತ್ತಾಗುತ್ತದೆ. ಆದರೆ ಪ್ರಿಂಟರ್ ಕೇಬಲ್, ನೆಟ್‌ವರ್ಕ್ ಕೇಬಲ್, ಪೆನ್‌ಡ್ರೈವ್ ಚುಚ್ಚುವ ಪೋರ್ಟು ಎಲ್ಲವೂ ಅದೇ ತಗಡಿಗೆ ತಗುಲಿಕೊಂಡಿವೆ. ಕಾರಣವೇ ಸಿಗದೆ ಯುಎಸ್‌ಬಿ ಪೋರ್ಟು ಸಾಯುವುದರ ಹಿಂದೆ ಇದೂ ಒಂದು ಕಾರಣ. ಇನ್ನೊಂದು, ಒಳಗೆ ನಿಜವಾಗಿಯೂ ಶಾರ್ಟ್ ಆದರೆ ಕರೆಂಟು ಇಳಿದುಹೋಗಲು ದಾರಿ ಇರುವುದಿಲ್ಲ. ಆಗ ಮುಟ್ಟಿದವರ ಪ್ರಾಣಕ್ಕೇ ಸಂಚಕಾರ.

ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ಗಿನಲ್ಲಿ ಮೂರು ಅಳತೆ ನೋಡಿಸಿ. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230ರ ಆಸುಪಾಸು. ಫೇಸ್‌ಗೂ ಅರ್ತ್‌ಗೂ ನಡುವೆ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎರಡು ಮೂರು ವೋಲ್ಟ್ ಮೀರಬಾರದು. ಇದ್ದಿಲು, ಉಪ್ಪು ಹಾಕಿ ಮಾಡಿದ ಹಳೆಯ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗಿಬಿಡುತ್ತದೆ, ಅದಕ್ಕೆ ನೀರು ಹಾಕುತ್ತಿರಬೇಕು. ಗೆಳೆಯನ ಅಂಗಡಿಯಲ್ಲಿ ಗುಂಡಿ ಚೆನ್ನಾಗಿಯೇ ಇತ್ತು. ಮೇಜಿನ ಕೆಳಗಿನ ಪ್ಲಗ್ಗಿಗೆ ಮಾತ್ರ ಮೂರನೆಯ ವೈರನ್ನು ಎಳೆದೇ ಇರಲಿಲ್ಲ.

ಇನ್ನು ಯುಪಿಎಸ್ ಇದ್ದರೂ ರೀಸ್ಟಾರ್ಟ್ ಆಗುವ ಒಗಟು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕರೆಂಟು ಕೈಕೊಟ್ಟಾಗ ಸಾಧಾರಣ ಯುಪಿಎಸ್ ಬ್ಯಾಟರಿಗೆ ಬದಲಾಗಲು ನಾಲ್ಕರಿಂದ ಹತ್ತು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಸಂದಿನಲ್ಲಿ ಕಂಪ್ಯೂಟರನ್ನು ಎತ್ತಿ ಹಿಡಿಯುವುದು ಎಸ್‌ಎಂಪಿಎಸ್‌ನೊಳಗಿನ ದೊಡ್ಡ ಕೆಪಾಸಿಟರ್. ಊರಿಗೆ ನೀರು ಬಿಡುವುದು ನಿಂತರೂ ಮನೆಯ ಮೇಲಿನ ತೊಟ್ಟಿ ಸ್ವಲ್ಪ ಹೊತ್ತು ನಲ್ಲಿ ನಡೆಸುವಂತೆ. ಒಳ್ಳೆಯ ಎಸ್‌ಎಂಪಿಎಸ್ ಭಾರ ಹೊತ್ತುಕೊಂಡೇ 16 ಮಿಲಿಸೆಕೆಂಡ್‌ನಷ್ಟು ತಾಳುತ್ತದೆ. ಅಗ್ಗದ್ದರಲ್ಲಿ ತೊಟ್ಟಿಯೇ ಚಿಕ್ಕದು. ಯುಪಿಎಸ್ ಬದಲಾಗುವಷ್ಟರಲ್ಲಿ ಬರಿದಾಗಿರುತ್ತದೆ. ನಮ್ಮವರು ಯುಪಿಎಸ್ಸನ್ನು ಬೈದು ಇನ್ನೊಂದು ಯುಪಿಎಸ್ ತರುತ್ತಾರೆ.

ಅಗ್ಗದ ಎಸ್‌ಎಂಪಿಎಸ್ ಗುರುತಿಸುವುದು ಕಷ್ಟವಲ್ಲ, ಲೇಬಲ್ ಓದಬೇಕು ಅಷ್ಟೇ. ಗೆಳೆಯನ ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಒಂದೇ ಕೈಯಲ್ಲಿ ಎತ್ತಿದರೆ ಟಿಫನ್ ಡಬ್ಬಿಯಷ್ಟು ಹಗುರ. ಮೇಲೆ ದೊಡ್ಡ ಅಂಕಿ: 450 ವ್ಯಾಟ್. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್‌ನ ಕೆಳಗೆ 16 ಆಂಪಿಯರ್ ಎಂದಿತ್ತು. ಗುಣಿಸಿದರೆ 192 ವ್ಯಾಟ್. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನು ಬಹುತೇಕ ಎಲ್ಲವೂ ಉಣ್ಣುವುದು 12 ವೋಲ್ಟ್‌ನಿಂದಲೇ. ಹಾಗಾಗಿ ಆ ಡಬ್ಬಿಯ ನಿಜವಾದ ಯೋಗ್ಯತೆ 192. ಹೊಸದಾಗಿ ತಂದ 550 ವ್ಯಾಟ್‌ನದರಲ್ಲಿ ಅದೇ ಜಾಗದಲ್ಲಿ 45 ಆಂಪಿಯರ್ ಇದೆ, ಅಂದರೆ 540 ವ್ಯಾಟ್. ಅಂಗಡಿಯಲ್ಲಿ ನಿಂತು ಈ ಒಂದು ಗುಣಾಕಾರ ಮಾಡಿ, ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

'80 ಪ್ಲಸ್' ಮುದ್ರೆಯ ಬಗ್ಗೆ ಒಂದು ಮಾತು. ಅದು ಅಳೆಯುವುದು ದಕ್ಷತೆಯನ್ನು, ಎಂದರೆ ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಎಂಬುದನ್ನು. ಅರ್ಧ ಭಾರದಲ್ಲಿ ಬ್ರಾಂಜ್ ಶೇ 85, ಗೋಲ್ಡ್ ಶೇ 90 ತಲುಪಬೇಕು. ಬಾಳಿಕೆಗೆ ಅದು ಪ್ರಮಾಣಪತ್ರವಲ್ಲ. ಆದರೂ ಮುದ್ರೆಯೇ ಇಲ್ಲದ್ದನ್ನು ದೂರವಿಡಲು ಅಷ್ಟು ಸಾಕು. ನಾನು ಅದರ ಜೊತೆ ವಾರಂಟಿ ನೋಡುತ್ತೇನೆ. ಐದು ವರ್ಷ ಕೊಡುವ ಕಂಪನಿ ಒಳಗೆ ಕಡೇಪಕ್ಷ ಯೋಗ್ಯ ಕೆಪಾಸಿಟರ್ ಹಾಕಿರುತ್ತದೆ.

ಕೆಪಾಸಿಟರ್ ಅಷ್ಟು ಮುಖ್ಯವೇ ಎಂದರೆ, ಹೌದು. ಬಹಳ ಸಿಸ್ಟಮ್‌ಗಳು ಸಾಯುವುದೇ ಅದರಿಂದ. ಇದರೊಳಗೆ ದ್ರವ ಇರುತ್ತದೆ, ಬಿಸಿಗೆ ನಿಧಾನವಾಗಿ ಆರುತ್ತದೆ. ಎಂಜಿನಿಯರುಗಳು ಬಳಸುವ ಲೆಕ್ಕ ಇದು: ಪ್ರತಿ 10 ಡಿಗ್ರಿ ತಂಪಾದರೆ ಆಯುಷ್ಯ ದುಪ್ಪಟ್ಟು. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಅಗ್ಗದ ಕೆಪಾಸಿಟರ್ ಒಳಗಡೆ 65 ಡಿಗ್ರಿಯಲ್ಲಿ ಕೆಲಸ ಮಾಡಿದರೆ 8000 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ 1000 ದಿನ, ಮೂರು ವರ್ಷವೂ ತುಂಬುವುದಿಲ್ಲ. 105 ಡಿಗ್ರಿಯದು ಅದೇ ಜಾಗದಲ್ಲಿ 32,000 ಗಂಟೆ, ಹತ್ತಿರ ಹತ್ತಿರ ಹನ್ನೊಂದು ವರ್ಷ. ಏಪ್ರಿಲ್‌ನಲ್ಲಿ ನಮ್ಮ ಕಡೆ ಹೊರಗೇ 35 ಡಿಗ್ರಿಯ ಆಸುಪಾಸು ಇರುತ್ತದೆ. ಮೇಲೆ ಶೀಟು ಹೊದೆಸಿದ ಅಂಗಡಿಯಲ್ಲಿ ಇನ್ನೂ ಹೆಚ್ಚು. "ಸರಿಯಾಗಿ ವಾರಂಟಿ ಮುಗೀತು, ಕೆಟ್ಟೋಯ್ತು" ಎಂಬ ಗೊಣಗಾಟದ ಹಿಂದೆ ಇರುವುದು ಹೆಚ್ಚಾಗಿ ಈ ಸರಳ ಗಣಿತ.

ಯುಪಿಎಸ್ 600 ವಿಎ ಎಂದಿದ್ದರೆ ಅದು ಹೊರುವುದು 360 ವ್ಯಾಟ್‌ನಷ್ಟು. ಸಾಮಾನ್ಯ ಆಫೀಸ್ ಸಿಸ್ಟಮ್‌ಗೆ, ಮಾನಿಟರ್ ಸೇರಿಸಿ, ಅದು ಧಾರಾಳ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ. ಅದರ ರೋಲರ್ ಬಿಸಿಯಾಗುವಾಗ ಒಮ್ಮೆಗೇ ಎಳೆಯುವ ಕರೆಂಟಿಗೆ ಯುಪಿಎಸ್ ಕೈಚೆಲ್ಲುತ್ತದೆ. ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಮನೆಯ ಇನ್ವರ್ಟರ್‌ನಲ್ಲೇ ಕಂಪ್ಯೂಟರ್ ನಡೆಸುವವರು ಅದು ಸೈನ್ ವೇವ್ (ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವುದು) ಹೌದೋ ಅಲ್ಲವೋ ನೋಡಿ, ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿಡಿ.

ಪ್ರೊಸೆಸರ್ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಎಲ್ಲ ಬಿಡಿಭಾಗಗಳ ಪೈಕಿ ಅತ್ಯಂತ ಕಡಿಮೆ ಕೆಡುವುದು ಅದೇ. ಕೆಟ್ಟರೆ ಹೆಚ್ಚಾಗಿ ಮಿತಿಮೀರಿದ ವೋಲ್ಟೇಜಿನಿಂದ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆದದ್ದು ಅದೇ. ಒಳಗಿನ ಮೈಕ್ರೋಕೋಡ್ (ಪ್ರೊಸೆಸರ್‌ಗೇ ಸೂಚನೆ ಕೊಡುವ ಪುಟ್ಟ ಪ್ರೋಗ್ರಾಂ) ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು, ಚಿಪ್ಪು ಮೆಲ್ಲಗೆ ಸವೆಯಿತು, ಕಾರಣವಿಲ್ಲದೆ ಪ್ರೋಗ್ರಾಂಗಳು ಮುಚ್ಚಿಕೊಳ್ಳತೊಡಗಿದವು. 2024ರ ಆಗಸ್ಟ್‌ನಲ್ಲಿ ಇಂಟೆಲ್ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ತಲುಪುವುದು ಬಯಾಸ್ ಅಪ್‌ಡೇಟ್ ಮೂಲಕ. ಬಯಾಸ್ ಎಂದರೆ ಸಿಸ್ಟಮ್ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ. ಅಂಥ ಪ್ರೊಸೆಸರ್ ನಿಮ್ಮಲ್ಲಿದ್ದು ಇನ್ನೂ ಅಪ್‌ಡೇಟ್ ಮಾಡಿಲ್ಲದಿದ್ದರೆ ಇವತ್ತೇ ಮಾಡಿ. ಎಎಂಡಿ ಕಡೆಯೂ 2023ರಲ್ಲಿ ಕೆಲವು ರೈಜನ್ 7000 ಚಿಪ್ಪುಗಳು ಸುಟ್ಟುಹೋದ ಮೇಲೆ ಬಯಾಸ್‌ನಲ್ಲಿ ಚಿಪ್ಪಿನ ಒಂದು ವೋಲ್ಟೇಜಿಗೆ 1.3 ವೋಲ್ಟ್‌ನ ಮಿತಿ ಹಾಕಿದರು. ಹಾಗಾಗಿ ನನ್ನ ಆಯ್ಕೆ ಯಾವಾಗಲೂ 65 ವ್ಯಾಟ್ ವರ್ಗದ, ಮಧ್ಯಮ ದರ್ಜೆಯ ಪ್ರೊಸೆಸರ್. ಸೀಲ್ ಇರುವ ಬಾಕ್ಸ್‌ನದೇ ಆಗಬೇಕು. ಟ್ರೇ ಪ್ರೊಸೆಸರ್ ಎಂದು ಬಿಡಿಯಾಗಿ ಕೊಡುವುದು ಅಗ್ಗ, ಆದರೆ ಅದಕ್ಕೆ ತಯಾರಕರ ನೇರ ವಾರಂಟಿ ಸಿಗುವುದಿಲ್ಲ. ಡಿಟಿಪಿಗೆ, ಲೆಕ್ಕಪತ್ರಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರ್‌ನಲ್ಲೇ ಇರುವುದು ಸಾಕು, ಕೆಡಬಲ್ಲ ಒಂದು ಭಾಗ ಕಡಿಮೆಯಾದಂತಾಯಿತು.

ಮದರ್‌ಬೋರ್ಡ್‌ನಲ್ಲಿ ಬಣ್ಣದ ದೀಪಕ್ಕೆ ದುಡ್ಡು ಕೊಡಬೇಡಿ. ಪ್ರೊಸೆಸರ್ ಸುತ್ತಲಿನ ವೋಲ್ಟೇಜ್ ಇಳಿಸುವ ಭಾಗದ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದೆಯೇ, ಕಂಪನಿಯ ಜಾಲತಾಣದಲ್ಲಿ ಆ ಮಾದರಿಗೆ ಬಯಾಸ್ ಅಪ್‌ಡೇಟುಗಳು ಬರುತ್ತಿವೆಯೇ, ಮೈಸೂರು ಅಥವಾ ಬೆಂಗಳೂರಿನಲ್ಲಿ ಸರ್ವಿಸ್ ಸೆಂಟರ್ ಇದೆಯೇ, ಈ ಮೂರನ್ನು ನೋಡಿ. ಹತ್ತು ವರ್ಷಕ್ಕೂ ಹಳೆಯ ಎಚ್61 ಚಿಪ್‌ಸೆಟ್‌ನ ಬೋರ್ಡುಗಳು ಇವತ್ತಿಗೂ 'ಹೊಸದು' ಎಂದು ಮಾರಾಟವಾಗುತ್ತಿವೆ, ಕೈಗೆಟಕುವ ಬೆಲೆ ಕಂಡು ಮರುಳಾಗಬೇಡಿ.

ರ‍್ಯಾಮ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೆಲಸ ನಡೆಯುವಾಗ ಕಂಪ್ಯೂಟರ್ ಎಲ್ಲವನ್ನೂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ಅದು. ಬೇರೆ ಭಾಗ ಕೆಟ್ಟರೆ ಸಿಸ್ಟಮ್ ನಿಲ್ಲುತ್ತದೆ, ನಮಗೆ ತಿಳಿಯುತ್ತದೆ. ರ‍್ಯಾಮ್ ಅರೆಬರೆ ಕೆಟ್ಟರೆ ಸಿಸ್ಟಮ್ ಓಡುತ್ತಲೇ ಇರುತ್ತದೆ, ಬರೆದದ್ದು ಬದಲಾಗುತ್ತದೆ. ಯೂನಿಕೋಡ್‌ನಲ್ಲಿ 'ಕ' ಅಕ್ಷರದ ಸಂಖ್ಯೆ 3221, 'ಗ' ಅಕ್ಷರದ್ದು 3223. ಕಂಪ್ಯೂಟರಿನ ಸೊನ್ನೆ-ಒಂದರ ಭಾಷೆಯಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಆ ಜಾಗದ ಸೊನ್ನೆ ತಪ್ಪಿ ಒಂದಾದರೆ 'ಕಂಡ' ಎಂದು ಬೆರಳಚ್ಚು ಮಾಡಿದ್ದು 'ಗಂಡ' ಆಗುತ್ತದೆ, 'ಕಾಳಿ' ಹೋಗಿ 'ಗಾಳಿ' ಬರುತ್ತದೆ. ಅಂಕಿಗಳಲ್ಲೂ ಹೀಗೆಯೇ: ಅಕ್ಷರವಾಗಿ ಉಳಿಸಿದ '1'ಕ್ಕೂ '9'ಕ್ಕೂ ಒಂದೇ ಬಿಟ್ ಅಂತರ. 1,000 ರೂಪಾಯಿ 9,000 ಆದೀತು. ಲೆಕ್ಕ ಬರೆಯುವವನು ತನ್ನದೇ ತಪ್ಪೆಂದು ರಾತ್ರಿಯೆಲ್ಲ ಕೂತು ಹುಡುಕಬೇಕು.

ಇದು ಬರೀ ಹೆದರಿಕೆಯಲ್ಲ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷವೊಂದಕ್ಕೆ ಶೇ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳು ತಪ್ಪು ತೋರಿಸಿದ್ದವು. ಸರ್ವರ್‌ಗಳಲ್ಲಿ ಇಂಥ ತಪ್ಪನ್ನು ಅಲ್ಲೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇರುತ್ತದೆ. ನಮ್ಮ ಮಾಮೂಲಿ ಡೆಸ್ಕ್‌ಟಾಪ್‌ಗಳಲ್ಲಿ ಇರುವುದಿಲ್ಲ. ಡಿಡಿಆರ್5ರಲ್ಲಿ ಇಸಿಸಿ ಇದೆ ಎಂದು ಮಾರುವವರು ಹೇಳುವುದುಂಟು. ಅದು ಚಿಪ್ಪಿನ ಒಳಗಿನ ತಪ್ಪನ್ನಷ್ಟೇ ತಿದ್ದುತ್ತದೆ, ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವುದನ್ನು ಕಾಯುವುದಿಲ್ಲ.

ಬಾಕ್ಸಿನ ಮೇಲೆ ವೇಗ 6000 ಎಂದು ಬರೆದ ರ‍್ಯಾಮ್ ತಂದು ಹಾಕಿದರೆ ಮೊದಲು ಅದು 4800ರಲ್ಲೋ 5600ರಲ್ಲೋ ಓಡುತ್ತದೆ. 6000 ಬೇಕೆಂದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಬೇಕು. ಅದು ನಿಗದಿತ ವೇಗ ಮೀರಿ ಓಡಿಸುವುದು, ಓವರ್‌ಕ್ಲಾಕ್. ಬಹಳ ಕಡೆ ಏನೂ ಆಗುವುದಿಲ್ಲ. ಆದರೆ ತಿಂಗಳಿಗೊಮ್ಮೆ ಕಾಣಿಸಿಕೊಳ್ಳುವ ಬ್ಲೂ ಸ್ಕ್ರೀನ್ ಹಿಡಿದು ಬಂದ ಸಿಸ್ಟಮ್‌ಗಳಲ್ಲಿ ನಾನು ಮೊದಲು ಆಫ್ ಮಾಡಿ ನೋಡುವುದು ಅದನ್ನೇ. ಡಿಟಿಪಿ ಅಂಗಡಿಯಲ್ಲಿ 6000ಕ್ಕೂ 5600ಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಪಟ್ಟಿಗಳ ಸಂಖ್ಯೆಯೂ ಮುಖ್ಯ. ರೈಜನ್ 7000 ಸರಣಿಗೆ ಎರಡು ಪಟ್ಟಿ ಹಾಕಿದರೆ ಎಎಂಡಿ ಭರವಸೆ ಕೊಡುವ ವೇಗ 5200, ನಾಲ್ಕು ಹಾಕಿದರೆ 3600. ಒಂದೇ ದಾರಿಯಲ್ಲಿ ಹೊರೆ ಹೆಚ್ಚಿದಂತೆ ಸಿಗ್ನಲ್ ಮಸುಕಾಗುವುದೇ ಇದಕ್ಕೆ ಕಾರಣ. "ಈಗ ಒಂದು 8 ಜಿಬಿ ಹಾಕೋಣ, ಮುಂದಿನ ವರ್ಷ ಇನ್ನೊಂದು ತರೋಣ" ಎಂಬ ನಮ್ಮ ರೂಢಿಯೂ ಇಲ್ಲಿ ಸರಿಯಲ್ಲ, ಬೇರೆ ಬೇರೆಯಾಗಿ ಕೊಂಡ ಪಟ್ಟಿಗಳು ಒಂದಕ್ಕೊಂದು ಹೊಂದುತ್ತವೆ ಎಂಬ ಖಾತರಿ ಇರುವುದಿಲ್ಲ. ಒಂದೇ ಪ್ಯಾಕಿನಲ್ಲಿ ಬರುವ ಎರಡು ಪಟ್ಟಿಗಳನ್ನು ಒಟ್ಟಿಗೇ ಕೊಳ್ಳಿ. ಮದರ್‌ಬೋರ್ಡ್ ಕಂಪನಿ ತಾನು ಪರೀಕ್ಷಿಸಿದ ರ‍್ಯಾಮ್‌ಗಳ ಹೆಸರುಗಳನ್ನು ಜಾಲತಾಣದಲ್ಲಿ ಹಾಕಿರುತ್ತದೆ, ನೀವು ಕೊಳ್ಳುವುದು ಅದರಲ್ಲಿ ಇದ್ದರೆ ಇನ್ನೂ ನೆಮ್ಮದಿ.

ಫೈಲುಗಳು ಉಳಿಯುವ ಎಸ್‌ಎಸ್‌ಡಿಯಲ್ಲಿ ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಮಾದರಿ, ಐದು ವರ್ಷದ ವಾರಂಟಿ. ಕ್ಯೂಎಲ್‌ಸಿ (ನಾಲ್ಕು ಬಿಟ್ ಇಡುವುದು) ಅಗ್ಗ, ಆದರೆ ಬರೆದು ಅಳಿಸುವುದಕ್ಕೆ ಕಡಿಮೆ ತಾಳುತ್ತದೆ. ಐದನೇ ಒಂದು ಭಾಗ ಯಾವಾಗಲೂ ಖಾಲಿ ಬಿಡಿ. ಎಷ್ಟೇ ಒಳ್ಳೆಯದು ತಂದರೂ ಅದು ಒಂದು ದಿನ ಹೋಗುತ್ತದೆ ಎಂದುಕೊಂಡೇ ಬ್ಯಾಕಪ್ ಇಡಬೇಕು. ಫೈಲುಗಳ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಅಂಗಡಿಯಿಂದ ಹೊರಗೆ. ಗೆಳೆಯನ ಹತ್ತು ವರ್ಷದ ಕಾರ್ಡು ಡಿಸೈನುಗಳು ಒಂದೇ ಹಾರ್ಡ್‌ಡಿಸ್ಕಿನಲ್ಲಿದ್ದವು ಎಂದು ತಿಳಿದಾಗ ನನಗೆ ನಿಜಕ್ಕೂ ಭಯವಾಯಿತು. ಸಿಸ್ಟಮ್ ಬಿಚ್ಚುವ ಮೊದಲು ಅದನ್ನು ಕಾಪಿ ಮಾಡಿಕೊಂಡೆವು.

ಕ್ಯಾಬಿನೆಟ್ಟು ಮುಂದೆ ಜಾಲರಿ ಇರುವುದಾಗಿರಲಿ, ಗಾಜಿನ ಮುಖದ್ದು ಬೇಡ. ಜಾಲರಿಯ ಹಿಂದೆ ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್, ಮುಂದೊಂದು ಹಿಂದೊಂದು ಫ್ಯಾನ್. ಹಿಂಬದಿಯ ಖಾಲಿ ಸ್ಲಾಟುಗಳ ತಗಡಿನ ಮುಚ್ಚಳ ಕಳಚಿಟ್ಟಿದ್ದರೆ ವಾಪಸ್ ಹಾಕಿ. ಬೆಚ್ಚಗಿನ ಜಾಗ ಹುಡುಕಿ ಬಂದ ಹಲ್ಲಿ ಬೋರ್ಡಿನ ಮೇಲೆ ಸತ್ತು ಶಾರ್ಟ್ ಆದದ್ದನ್ನು ಎರಡು ಸಲ ಕಂಡಿದ್ದೇನೆ. ದೊಡ್ಡ ಲಿಕ್ವಿಡ್ ಕೂಲರ್ ಬೇಕಿಲ್ಲ. ಅದರಲ್ಲಿ ಪಂಪು ಇದೆ, ಪಂಪು ನಿಲ್ಲಬಹುದು. ಗಾಳಿಯ ಕೂಲರ್‌ನಲ್ಲಿ ಫ್ಯಾನ್ ನಿಂತರೂ ಲೋಹದ ದಿಂಡು ಉಳಿದಿರುತ್ತದೆ.

ಬಿಡಿಭಾಗಗಳನ್ನು ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ತಂದೆವು. ಮೈಸೂರಿನಲ್ಲೂ ಸಿಗುತ್ತಿತ್ತು. ಎರಡೂ ಪಟ್ಟಿ ಒಂದೇ ಪ್ಯಾಕಿನಲ್ಲಿರುವ ರ‍್ಯಾಮ್ ಮಾತ್ರ ಆ ವಾರ ಇರಲಿಲ್ಲ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ನಂಬರ್ ಬರೆಸಿ, ಬಾಕ್ಸಿನ ಮೇಲಿನ ನಂಬರಿಗೂ ವಸ್ತುವಿನ ಮೇಲಿನದಕ್ಕೂ ತಾಳೆ ನೋಡಿ, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ಲಿನ ಶಾಯಿ ಮೂರು ವರ್ಷ ಉಳಿಯುವುದಿಲ್ಲ.

ಜೋಡಿಸಿದ ದಿನವೇ ವಿಂಡೋಸ್ ಹಾಕಲಿಲ್ಲ. ಮೊದಲು ಬಯಾಸ್ ಅಪ್‌ಡೇಟ್, ಆಮೇಲೆ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿದೆ. ಅದು ರ‍್ಯಾಮ್‌ನ ಒಂದೊಂದು ಜಾಗಕ್ಕೂ ಬರೆದು, ಓದಿ, ಹೋಲಿಸುತ್ತದೆ. ರಾತ್ರಿಯಿಡೀ ಬಿಟ್ಟು ಮಲಗಿದೆ. ಬೆಳಗ್ಗೆ ನೋಡಿದರೆ ಪರದೆಯಲ್ಲಿ ಎರಡು ಕೆಂಪು ಸಾಲು. ಒಂದೊಂದೇ ಪಟ್ಟಿ ಹಾಕಿ ಮತ್ತೆ ಓಡಿಸಿದಾಗ ತಪ್ಪು ಯಾವುದರದು ಎಂದು ಸಿಕ್ಕಿತು. ಹೊಚ್ಚಹೊಸ ಪಟ್ಟಿ, ಬಾಕ್ಸ್ ಸೀಲ್ ಒಡೆದು ಒಂದು ದಿನವಾಗಿತ್ತು ಅಷ್ಟೇ. ವಿಂಡೋಸ್ ಹಾಕಿ ಹಾಗೇ ಕೊಟ್ಟಿದ್ದರೆ ವಾರಕ್ಕೊಮ್ಮೆ ಏನೋ ಒಂದು ಆಗುತ್ತಿತ್ತು, ಏನೆಂದು ಯಾರಿಗೂ ಹೊಳೆಯುತ್ತಿರಲಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇದ್ದದ್ದರಿಂದ ಅಂಗಡಿಯವರು ಮರುಮಾತಿಲ್ಲದೆ ಇಡೀ ಪ್ಯಾಕ್ ಬದಲಿಸಿಕೊಟ್ಟರು.

ಹೊಸ ಪ್ಯಾಕ್ ಹಾಕಿ ಮತ್ತೊಂದು ರಾತ್ರಿ ಓಡಿಸಿದೆ, ತಪ್ಪು ಸೊನ್ನೆ. ಮಾರನೆಯ ದಿನ ವಿಂಡೋಸ್ ಹಾಕಿ, ಪ್ರೊಸೆಸರ್‌ಗೆ ಪೂರ್ತಿ ಭಾರ ಕೊಡುವ ಓಸಿಸಿಟಿ ಎಂಬ ಪ್ರೋಗ್ರಾಂ ಅನ್ನು ಎರಡು ಗಂಟೆ ನಡೆಸಿ, ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂಅರ್‌ನಲ್ಲಿ ಹಾರ್ಡ್‌ವೇರ್ ತಪ್ಪಿನ ಒಂದು ಸಾಲೂ ಇಲ್ಲವೆಂದು ಖಚಿತ ಮಾಡಿಕೊಂಡೆ. ಭಾರ ಇರುವಾಗಲೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಹತ್ತು ಸಲ ಕಿತ್ತು ಹತ್ತು ಸಲ ಸಿಕ್ಕಿಸಿದೆ. ಹತ್ತೂ ಸಲ ಪರದೆ ಅಲುಗಲಿಲ್ಲ. ಸೋಮವಾರ ಅದನ್ನು ಅಂಗಡಿಗೆ ಒಯ್ದು, ಅಷ್ಟರಲ್ಲಿ ಅರ್ತ್ ವೈರ್ ಎಳೆಸಿದ್ದ ಪ್ಲಗ್ಗಿಗೆ ಸಿಕ್ಕಿಸಿ, ಗೆಳೆಯನಿಗೆ ಬರಿಗಾಲಲ್ಲೇ ಬಂದು ಹಿಂದಿನ ತಗಡು ಮುಟ್ಟಲು ಹೇಳಿದೆ.